ಟ್ರ್ಯಾಕ್ಟರಿಗೆ ಬೇರೆ ಸೂರು: ಮುಯ್ಯಾಳಿನಿಂದ ನೀವೇ ಕಟ್ಟಿಕೊಳ್ಳಿ



ಸವದತ್ತಿ ತಾಲೂಕಿನ ಹೂಲಿಯ ಕಡೆಗೆ ಹೋದಾಗ ಒಬ್ಬ ಹಿರಿಯ ರೈತರು ನನ್ನನ್ನು ತಮ್ಮ ಮನೆಗೆ ಕರೆದೊಯ್ದರು. ಹಳೆಯ ಕಾಲದ ಮನೆ. ತಲಬಾಗಿಲು ದಾಟಿದರೆ ಗೋದಲಿ, ಅದನ್ನು ದಾಟಿದರೆ ಪಡಸಾಲೆ. ಗೋದಲಿಯ ಮುಂದೆ ಎತ್ತುಗಳಿರಲಿಲ್ಲ. ಮೊದಲು ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಮೊಮ್ಮಕ್ಕಳ ಎರಡು ಮೋಟಾರ್ ಸೈಕಲ್ಲುಗಳು, ಡೀಸೆಲ್ ಡಬ್ಬಿ, ಗೊಬ್ಬರದ ಚೀಲಗಳು. ಟ್ರ್ಯಾಕ್ಟರು ಓಣಿಯಲ್ಲಿ ಬಿಸಿಲಿಗೆ ನಿಂತಿತ್ತು.

"ಸಾಹೇಬ್ರ, ಎತ್ತಿಗೆ ಮನಿಯಾಗ ಜಾಗಾ ಇತ್ತು. ಈ ಯಂತ್ರಕ್ಕ ಎಲ್ಲಿ ಜಾಗಾ ಕೊಡೂದರೀ?" ಎಂದು ಅವರು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರು ತರುತ್ತೇವೆ. ಅದಕ್ಕೆ ಒಂದು ಸೂರು ಮಾಡಲು ಹಿಂದೆ ಮುಂದೆ ನೋಡುತ್ತೇವೆ. ಬಿಸಿಲಿಗೆ ಟಾಯರಿನ ರಬ್ಬರು ಸೀಳುತ್ತದೆ, ವೈರಿನ ಹೊದಿಕೆ ಒಡೆಯುತ್ತದೆ. ಮಳೆನೀರು ಹೊಗೆಕೊಳವೆಯೊಳಗೆ ಇಳಿದು ಎಂಜಿನ್ನಿಗೆ ಕೇಡು ತರುತ್ತದೆ. ನಟ್ಟು ಬೋಲ್ಟು ತುಕ್ಕು ಹಿಡಿದು, ಬಿತ್ತನೆಯ ಹದ ಬಂದ ದಿನವೇ ಕೂರಿಗೆ ಕೈಕೊಡುತ್ತದೆ. ಹದ ತಪ್ಪಿದರೆ ಆಗುವ ಹಾನಿ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಈ ವಾರ ಬೆಳೆಯ ಮಾತನ್ನು ಬದಿಗಿಟ್ಟು ಟ್ರ್ಯಾಕ್ಟರಿನ ಶೆಡ್ಡಿನ ಬಗ್ಗೆ ಬರೆಯುತ್ತಿದ್ದೇನೆ. ಮನೆಮಂದಿ, ಬೀಗರು, ನೆರೆಹೊರೆಯ ಗೆಳೆಯರು ಸೇರಿ ಮುಯ್ಯಾಳಿನಿಂದ ಇದನ್ನು ಕಟ್ಟಿಕೊಳ್ಳಬಹುದು. ಗುತ್ತಿಗೆದಾರನಿಗೆ ಕೊಡುವ ಹಣ ಉಳಿಯುತ್ತದೆ. ಆದರೆ ಉಳಿಸಬಾರದ ಎರಡು ಜಾಗಗಳಿವೆ: ಒಂದು ಬುಡ, ಇನ್ನೊಂದು ಮಾಡಿನ ಹಿಡಿತ. ಈ ಎರಡರಲ್ಲಿಯೂ ತಪ್ಪಿದವನು ನಾನೇ. ಅದನ್ನೇ ಮೊದಲು ಹೇಳುತ್ತೇನೆ.

ನಾನು ಮಾಡಿದ ತಪ್ಪು

ಹದಿನೈದು ವರ್ಷಗಳ ಹಿಂದೆ ನಮ್ಮ ತಂದೆಯವರೂ ನಾನೂ ಊರಲ್ಲಿ ಮನೆಯ ಗೋಡೆಗೆ ತಾಗಿಸಿಯೇ ಒಂದು ಶೆಡ್ಡು ಕಟ್ಟಿದೆವು. ಒಂದು ಗೋಡೆ ಉಳಿಯಿತೆಂಬ ಖುಷಿ. ನಮ್ಮದು ಎರೆಭೂಮಿಯ ಊರು. ಚೈತ್ರದ ಬಿಸಿಲಲ್ಲಿ ನೆಲ ಕಲ್ಲಿನಂತಿತ್ತು. ಎರಡು ಅಡಿ ಅಗೆದು "ಇಷ್ಟು ಗಟ್ಟಿ ನೆಲಕ್ಕೆ ಇನ್ನೇನು ಬೇಕು" ಎಂದು ಕಲ್ಲು ಇಟ್ಟೆವು. ಅಗೆದ ಮಣ್ಣನ್ನೇ ಒಳಗೆ ತುಂಬಿ ನೆಲ ಮಾಡಿದೆವು.

ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ನೆಲ ಉಬ್ಬಿತು. ಬೇಸಿಗೆಗೆ ಕುಗ್ಗಿತು. ಹೊಸ ಗೋಡೆ ಹಳೆಯ ಗೋಡೆಯನ್ನು ಎಳೆದು, ಪಡಸಾಲೆಯ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಎರಡನೆಯ ವರ್ಷ ಮೇ ತಿಂಗಳ ಬಿರುಗಾಳಿಗೆ ಮೂರು ತಗಡು ಹಾರಿಹೋದವು. ಒಂದು ತಗಡು ನೆರೆಯವರ ಹಿತ್ತಲಲ್ಲಿ ಕಟ್ಟಿದ್ದ ಕರುವಿನ ಪಕ್ಕದಲ್ಲಿ ಬಂದು ನೆಟ್ಟಿತು. ಕರುವಿನ ಜಾಗದಲ್ಲಿ ಆ ಮನೆಯ ಕೂಸು ಇದ್ದಿದ್ದರೆ? ಇಂದಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಬಿ.ಎಸ್ಸಿ.ಯಲ್ಲಿ ನಾನು ಮಣ್ಣಿನ ಶಾಸ್ತ್ರ ಓದಿದವನು. ಎರೆಮಣ್ಣಿನ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ ಎಂದು ರೈತರ ಸಭೆಗಳಲ್ಲಿ ಹೇಳುತ್ತಿದ್ದವನು. ಹಿಂಗಾರಿ ಜೋಳ, ಕಡಲೆ ಬರಿಯ ನೆಲದ ಹಸಿಯ ಮೇಲೆ ಬೆಳೆಯುವುದು ಆ ಗುಣದಿಂದಲೇ. ಬೆಳೆಗೆ ತಾಯಿಯಾದ ಆ ಮಣ್ಣು ಗೋಡೆಗೆ ಶತ್ರು ಎಂಬುದನ್ನು ನಮ್ಮ ಮನೆ ಕಟ್ಟುವಾಗ ನಾನು ಮರೆತಿದ್ದೆ.

ಮನೆಗೆ ತಾಗಿಸಬೇಡಿ

ಎತ್ತು ಮನೆಯೊಳಗಿದ್ದರೆ ಸಗಣಿ ಬಳಿದರಾಯಿತು. ಎಂಜಿನ್ನು ಹಾಗಲ್ಲ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಅನಂತರ ಮಂಪರು. ಮಲಗಿದವರಿಗೆ ಎಚ್ಚರವೇ ಆಗಲಿಕ್ಕಿಲ್ಲ. ಬಾಗಿಲು ಮುಚ್ಚಿದ ಜಾಗದಲ್ಲಿ ಮೋಟಾರ್ ಸೈಕಲ್ಲನ್ನಾಗಲಿ, ಟ್ರ್ಯಾಕ್ಟರನ್ನಾಗಲಿ ಚಾಲೂ ಮಾಡಿ ಬಿಡಬಾರದು. ಡೀಸೆಲ್, ಪೆಟ್ರೋಲ್ ಇರುವಲ್ಲಿ ಬೆಂಕಿಯ ಭಯ ಇದ್ದೇ ಇದೆ.

ಆದ್ದರಿಂದ ಶೆಡ್ಡು ಮನೆಯಿಂದ ಬೇರೆಯಾಗಿರಲಿ. ಕನಿಷ್ಠ 15-20 ಅಡಿ ಅಂತರವಿರಲಿ. ಮೇವಿನ ಬಣವಿಯಿಂದ 50 ಅಡಿಯಾದರೂ ದೂರವಿರಲಿ. ವಿದ್ಯುತ್ ತಂತಿಯ ಕೆಳಗಂತೂ ಕಟ್ಟಲೇಬಾರದು. ಮಳೆನೀರು ನಿಲ್ಲದ, ತುಸು ಎತ್ತರದ ಜಾಗ ಆರಿಸಿ. ಬಾಗಿಲು ಪೂರ್ವಕ್ಕಿರಲಿ: ಮುಂಗಾರಿನ ಗಾಳಿ-ಮಳೆ ಬರುವುದು ಪಶ್ಚಿಮದಿಂದ, ಮಧ್ಯಾಹ್ನದ ಮೇಲಿನ ಬಿಸಿಲೂ ಅತ್ತಲಿಂದಲೇ.

ಕೆಲಸ ಹಿಡಿಯುವ ಮೊದಲು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಹೂಲಿಯಂಥ ಊರಿನವರಿಗೆ ಇನ್ನೊಂದು ಎಚ್ಚರಿಕೆ. ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ, ಹಾಳು ಬಿದ್ದ ಇತರ ಗುಡಿಗಳು ನಿಮ್ಮೂರಿನ ಆಸ್ತಿ. ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಮುಂಚಿತ ಅನುಮತಿ ಬೇಕು. 2010ರ ತಿದ್ದುಪಡಿ ಕಾನೂನು ಹೀಗೆ ಹೇಳುತ್ತದೆ. ಹಾಳು ಗುಡಿಯ ಸುತ್ತ ಬಿದ್ದಿರುವ ಕೆತ್ತನೆಯ ಕಲ್ಲನ್ನು ಬುಡಕ್ಕೆಂದು ತರುವ ಯೋಚನೆಯನ್ನೂ ಮಾಡಬೇಡಿ.

ಅಳತೆ ಮತ್ತು ಗುರುತು

ಒಂದು ಟ್ರ್ಯಾಕ್ಟರಿಗೆ 12 ಅಡಿ ಅಗಲ, 20 ಅಡಿ ಉದ್ದದ ಶೆಡ್ಡು ಸಾಕು. ಟ್ರ್ಯಾಕ್ಟರಿನ ಉದ್ದ ಸುಮಾರು 12 ಅಡಿ. ಹಿಂದೆ ರೋಟಾವೇಟರೋ ಕುಂಟೆಯೋ ಇದ್ದರೂ ಹಿಡಿಸುತ್ತದೆ. ಪಕ್ಕದಲ್ಲಿ ಮನುಷ್ಯ ಓಡಾಡಲು, ಸಾಮಾನು ಇಡಲು ಜಾಗ ಉಳಿಯುತ್ತದೆ. ಟ್ರಾಲಿಗೆ ಮುಂದಿನ ವರ್ಷ ಪಕ್ಕದಲ್ಲಿ ಇಳಿಜಾರು ಮಾಡು ಸೇರಿಸಿಕೊಳ್ಳಬಹುದು.

ಉದ್ದದ ಒಂದೊಂದು ಬದಿಗೆ ಮೂರರಂತೆ, ಹತ್ತಡಿಗೊಂದು, ಒಟ್ಟು ಆರು ಕಬ್ಬಿಣದ ಪೈಪಿನ ಕಂಬಗಳು. ಎರೆಭೂಮಿಯಲ್ಲಿ ಗೋಡೆಗಿಂತ ಕಂಬದ ಶೆಡ್ಡು ಲೇಸು. ನೆಲ ತುಸು ಅಲುಗಿದರೂ ಕಬ್ಬಿಣ ಬಾಗಿ ತಾಳಿಕೊಳ್ಳುತ್ತದೆ. ಕಲ್ಲು-ಇಟ್ಟಿಗೆಯ ಗೋಡೆ ಸೀಳುತ್ತದೆ.

ಮೂಲೆ ಸರಿಯಾಗಿ ಬರಲು ಗೌಂಡಿಯೇ ಬೇಕೆಂದಿಲ್ಲ. ಒಂದು ಮೂಲೆಯಲ್ಲಿ ಗೂಟ ನೆಟ್ಟು, ಅಗಲದ ದಾರದ ಮೇಲೆ 12 ಅಡಿಗೆ, ಉದ್ದದ ದಾರದ ಮೇಲೆ 16 ಅಡಿಗೆ ಗುರುತು ಮಾಡಿ. ಎರಡು ಗುರುತುಗಳ ನಡುವೆ ಓರೆಯಾಗಿ ಅಳೆದಾಗ ಸರಿಯಾಗಿ 20 ಅಡಿ ಬಂದರೆ ಮೂಲೆ ಸರಿಯಿದೆ. ನಾಲ್ಕೂ ಗೂಟ ನೆಟ್ಟ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ 23 ಅಡಿ 4 ಇಂಚು ಬರಬೇಕು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಸಾಕು. ಶಾಲೆ ಕಲಿಯುವ ಮಕ್ಕಳಿಗೆ ಈ ಅಳತೆಯ ಕೆಲಸ ವಹಿಸಿ. ಪುಸ್ತಕದ ಲೆಕ್ಕ ನೆಲದ ಮೇಲೆ ಕಂಡಂತಾಗುತ್ತದೆ.

ಬುಡ

ಶೆಡ್ಡಿನ ಸುತ್ತಲೂ ಒಂದಡಿ ಹೆಚ್ಚಿಗೆ ಹಿಡಿದು, 14 ಅಡಿಗೆ 22 ಅಡಿ ಜಾಗದಲ್ಲಿ ಮೇಲಿನ 1 ಅಡಿ ಎರೆಮಣ್ಣನ್ನು ತೆಗೆದು ಹೊಲಕ್ಕೆ ಹಾಕಿ. ಅನಂತರ ಕಂಬದ ತಗ್ಗು ತೋಡಿರಿ: ಒಂದೂವರೆ ಅಡಿ ಚೌಕ, 4 ಅಡಿ ಆಳ. ಅಂದರೆ ಮೂಲ ನೆಲದಿಂದ 5 ಅಡಿ ಕೆಳಗೆ ಹೋದಂತಾಯಿತು. ತಗ್ಗಿನ ತಳ ಗರಸಿನ ಮೇಲೆ ಕೂಡಬೇಕು. 5 ಅಡಿಗೂ ಗರಸು ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ ಇಂಜಿನಿಯರರನ್ನು ಕೇಳಿ. ಇಂಥ ಆಳವಾದ ಎರೆನೆಲಕ್ಕಾಗಿಯೇ ಬುಡ ಅಗಲಿಸಿದ ಕಾಂಕ್ರೀಟ್ ಕಂಬದ ಪದ್ಧತಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದೆ.

ಗುಡ್ಡದ ಬುಡದ ಜಾಗವಾದರೆ ಒಂದೂವರೆ ಅಡಿಗೇ ಬಂಡೆ ತಗುಲಬಹುದು. ಆಗ ಆಳ ಸಿಗುವುದಿಲ್ಲ. ಅದಕ್ಕೆ ಬದಲು ತಗ್ಗನ್ನು ಎರಡೂವರೆ ಅಡಿ ಚೌಕ ಮಾಡಿ. ಕಾಂಕ್ರೀಟಿನ ತೂಕ ಅಷ್ಟೇ ಆಗುತ್ತದೆ. ತೂಕವೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಾಂಕ್ರೀಟಿನ ಪ್ರಮಾಣ 1:2:4. ಒಂದು ಚೀಲ ಸಿಮೆಂಟು ಸುಮಾರು ಒಂದೂಕಾಲು ಘನ ಅಡಿ. ಅಷ್ಟೇ ಹಿಡಿಯುವ ಹಲಗೆಯ ಡಬ್ಬಿ ಮಾಡಿಕೊಂಡು, ಚೀಲಕ್ಕೆ ಎರಡು ಡಬ್ಬಿ ಉಸುಕು, ನಾಲ್ಕು ಡಬ್ಬಿ ಖಡಿ ಹಾಕಿ. ನೀರು 25 ಲೀಟರಿನ ಆಸುಪಾಸು; ಉಸುಕು ಹಸಿಯಿದ್ದರೆ ಇನ್ನೂ ಕಡಿಮೆ. ಕಲಸುವವರಿಗೆ ಹಗುರಾಗಲೆಂದು ನೀರು ಸುರಿದರೆ ಕಾಂಕ್ರೀಟು ಟೊಳ್ಳಾಗುತ್ತದೆ. ಆರು ತಗ್ಗಿಗೆ 10 ಚೀಲ, ಮೇಲಿನ ಕೊರಳಿಗೆ ಇನ್ನೆರಡು, ಒಟ್ಟು 12 ಚೀಲ ಸಿಮೆಂಟು ಹಿಡಿಯುತ್ತದೆ.

ಮೂರಿಂಚಿನ ಪೈಪಿನ ಬುಡಕ್ಕೆ ಅಡ್ಡಡ್ಡ ಎರಡು ಸರಳು ವೆಲ್ಡ್ ಮಾಡಿಸಿ. ಇಲ್ಲವಾದರೆ ಗಾಳಿ ಎಳೆದಾಗ ಕಂಬ ಕಾಂಕ್ರೀಟಿನಿಂದ ಜಾರಿ ಬರಬಹುದು. ಕಂಬದ ಉದ್ದದ ಲೆಕ್ಕ ಹೀಗೆ: ಕಾಂಕ್ರೀಟಿನಲ್ಲಿ ಮೂರೂವರೆ ಅಡಿ, ಗರಸಿನಲ್ಲಿ ಎರಡು ಅಡಿ, ನೆಲದ ಮೇಲೆ ಒಂದು ಸಾಲಿಗೆ 11 ಅಡಿ, ಇನ್ನೊಂದು ಸಾಲಿಗೆ 9 ಅಡಿ. ಹೀಗೆ ಮೂರು ಕಂಬ ಹದಿನಾರೂವರೆ ಅಡಿ, ಮೂರು ಕಂಬ ಹದಿನಾಲ್ಕೂವರೆ ಅಡಿ. ಎರಡು ಅಡಿ ಎತ್ತರದ ವ್ಯತ್ಯಾಸದಿಂದ ಮಾಡಿಗೆ ಇಳಿಜಾರು ತಾನಾಗಿ ಬರುತ್ತದೆ. ತಗ್ಗಿನ ಬದಿ ಮನೆಯ ಕಡೆಗಿರದಿರಲಿ. ತೂಗುಗುಂಡು ಹಿಡಿದು ಕಂಬ ನೆಟ್ಟಗೆ ನಿಲ್ಲಿಸಿ, ಮೂರು ಕಡೆ ಆಸರೆ ಕೊಟ್ಟು ಕಾಂಕ್ರೀಟು ಸುರಿಯಿರಿ. ಅದು ಗಟ್ಟಿಯಾದ ಮೇಲೆ ಕಂಬದ ಸುತ್ತ ಒಂಬತ್ತಿಂಚಿನ ಕಾಂಕ್ರೀಟ್ ಕೊರಳು ಕಟ್ಟಿ. ಅದು ಮುಂದೆ ಆಗುವ ನೆಲಕ್ಕಿಂತ ಅರ್ಧ ಅಡಿ ಮೇಲಿರಲಿ. ತುಕ್ಕು ಹಿಡಿಯದು, ಟ್ರ್ಯಾಕ್ಟರಿನ ಗಾಲಿ ತಾಗಿದರೂ ಕಂಬ ಬಾಗದು.

ಹತ್ತು ದಿನ ನೀರು ಹಾಕಿ. ಗೋಣಿಚೀಲ ಸುತ್ತಿ ದಿನಕ್ಕೆ ಮೂರು ಸಲ ನೆನೆಸಿ. ಬೇಸಿಗೆಯಲ್ಲಿ ಇದನ್ನು ತಪ್ಪಿಸಿದರೆ ಸಿಮೆಂಟಿಗೆ ಕೊಟ್ಟ ದುಡ್ಡು ಮಣ್ಣುಪಾಲು.

ಕೊನೆಗೆ ಗರಸು. 14 ಅಡಿಗೆ 22 ಅಡಿ ಜಾಗದಲ್ಲಿ 2 ಅಡಿ ದಪ್ಪ ತುಂಬಿದರೆ ನೆಲ ಸುತ್ತಲಿಗಿಂತ ಒಂದಡಿ ಎತ್ತರವಾಗುತ್ತದೆ. 616 ಘನ ಅಡಿ ಬೇಕು. ದಮ್ಮಸು ಹೊಡೆದಾಗ ಕುಗ್ಗುವುದರಿಂದ 8 ಬ್ರಾಸ್ ತರಿಸಿ. ಅರ್ಧ ಅಡಿಗೊಂದು ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆಯಿರಿ. ಅಂಚನ್ನು ಹೊರಗೆ ಇಳಿಜಾರು ಮಾಡಿ, ತಗಡಿನ ನೀರು ಬೀಳುವ ಕಡೆ ಒಂದು ಕಾಲುವೆ ತೆಗೆಯಿರಿ. ಬುಡಕ್ಕೆ ನೀರು ಹೋಗದಿದ್ದರೆ ಎರೆಮಣ್ಣು ಹಿಗ್ಗುವುದೂ ಕಡಿಮೆ.

ಮಾಡು ಮತ್ತು ಗಾಳಿ

ಮಾಡು ಬೀಳದಂತೆ ಕಟ್ಟುವುದು ಎಲ್ಲರಿಗೂ ತಿಳಿದಿದೆ. ಮಾಡು ಹಾರದಂತೆ ಕಟ್ಟುವುದನ್ನು ಮರೆಯುತ್ತೇವೆ. ಲೆಕ್ಕ ನೋಡಿ. ಸುತ್ತ ಒಂದೊಂದು ಅಡಿ ಚಾಚು ಬಿಟ್ಟರೆ ಮಾಡು 14 ಅಡಿಗೆ 22 ಅಡಿ, ಅಂದರೆ 28 ಚದರ ಮೀಟರಿಗೂ ಹೆಚ್ಚು. ತಗಡಿನ ತೂಕ 150 ಕಿಲೋ ಮೀರದು. ಗಂಟೆಗೆ 100 ಕಿಲೋಮೀಟರ್ ಬೀಸುವ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 47 ಕಿಲೋ. ಇಡೀ ಮಾಡಿಗೆ 1,300 ಕಿಲೋ ಆಯಿತು! ಒಂದು ಬದಿ ತೆರೆದ ಶೆಡ್ಡಿನಲ್ಲಿ ಗಾಳಿ ಒಳಗೆ ನುಗ್ಗಿ ಕೆಳಗಿನಿಂದಲೂ ಎತ್ತುವುದರಿಂದ ಇದರ ದುಪ್ಪಟ್ಟು, 2,600 ಕಿಲೋ ಹಿಡಿಯುವುದು ಜಾಣತನ.

ಇದನ್ನು ಹಿಡಿದಿಡುವುದು ತಗ್ಗಿನೊಳಗಿನ ಕಾಂಕ್ರೀಟು. ಒಂದು ತಗ್ಗಿನದು 9 ಘನ ಅಡಿ, ತೂಕ ಸುಮಾರು 600 ಕಿಲೋ. ಆರು ತಗ್ಗಿನದು 3,600 ಕಿಲೋ. ತಗ್ಗನ್ನು ಸಣ್ಣದು ಮಾಡಿ ನಾಲ್ಕು ಚೀಲ ಸಿಮೆಂಟು ಉಳಿಸಬೇಡಿರೆಂದು ನಾನು ಹೇಳುವುದು ಇದಕ್ಕೆ.

ಎದುರುಬದುರಿನ ಕಂಬಗಳ ಮೇಲೆ ಮೂರು ತೊಲೆ, ತೊಲೆಗಳ ಮೇಲೆ ಉದ್ದಕ್ಕೆ ಐದು ಸಾಲು ಪಟ್ಟಿ. ತೊಲೆ-ಪಟ್ಟಿಗಳ ಗಾತ್ರವನ್ನು ಇಂಜಿನಿಯರರಿಂದ ಬರೆಸಿಕೊಳ್ಳಿ. ಹಿಂದೆ ಮತ್ತು ಎರಡು ಬದಿಗೆ ಕಂಬದಿಂದ ಕಂಬಕ್ಕೆ ಓರೆ ಪಟ್ಟಿ ಬೆಸೆಯಿಸಿ. ಅದಿಲ್ಲದಿದ್ದರೆ ಶೆಡ್ಡು ಪಕ್ಕಕ್ಕೆ ವಾಲುತ್ತದೆ. 14 ಅಡಿ ಉದ್ದದ ಏಳು ತಗಡು ಸಾಕು. ನಡುವೆ ಜೋಡಣೆ ಬೇಕಿಲ್ಲ. ಪೂರ್ವದ ತುದಿಯಿಂದ ಹೊದಿಸುತ್ತ ಪಶ್ಚಿಮಕ್ಕೆ ಬನ್ನಿ. ಆಗ ಮೇಲಿನ ತಗಡಿನ ಅಂಚು ಮುಂಗಾರಿನ ಗಾಳಿಗೆ ಬೆನ್ನು ಕೊಡುತ್ತದೆ. ರಬ್ಬರ್ ವಾಷರ್ ಹಾಕಿದ ಸ್ಕ್ರೂಗಳನ್ನು ತಗಡಿನ ಉಬ್ಬಿನ ಮೇಲೆ ಬಿಗಿಯಿರಿ. ಅಂಚಿನ ಸಾಲುಗಳಲ್ಲಿ ಎಲ್ಲ ಉಬ್ಬಿಗೂ ಒಂದೊಂದು ಸ್ಕ್ರೂ ಇರಲಿ, ಏಕೆಂದರೆ ಗಾಳಿ ತಗಡನ್ನು ಎಬ್ಬಿಸಲು ತೊಡಗುವುದು ಅಂಚಿನಿಂದಲೇ. ತಗಡಿನ ಮೇಲೆ ಕಲ್ಲು ಹೇರುವುದು ಬೇಡ; ಗಾಳಿಗೆ ಅದು ಉರುಳಿ ಯಾರ ತಲೆಯ ಮೇಲಾದರೂ ಬಿದ್ದೀತು. ಹಳೆಯ ಸಿಮೆಂಟ್ ಶೀಟು ಅಗ್ಗಕ್ಕೆ ಸಿಕ್ಕಿತೆಂದು ತಂದು ಕೊಯ್ಯಬೇಡಿ. ಅದರ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೇಡು.

ಪಶ್ಚಿಮ ಮತ್ತು ದಕ್ಷಿಣ ಬದಿಗೆ ತಗಡಿನ ಮರೆ ಮಾಡಿ, ಮೇಲೆ ಅರ್ಧ ಅಡಿ ಗಾಳಿಗೆ ಸಂದು ಬಿಡಿ. ಗೋಡೆಯೇ ಬೇಕೆನ್ನುವವರು ಬುಡವನ್ನು ಗರಸಿನವರೆಗೆ ಒಯ್ಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದನ್ನು ಸುಡಬೇಕಿಲ್ಲ. ಆದರೆ ಬರಿ ಎರೆಮಣ್ಣು ಅದಕ್ಕೆ ಒಗ್ಗದು. ಉಸುಕು ಬೆರೆತ ಕೆಂಪು ಮಣ್ಣು ಬೇಕು.

ಮುಯ್ಯಾಳಿನ ಲೆಕ್ಕ

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಿಮಗೆ ಗೊತ್ತು. ಕಳೆ ತೆಗೆಯಲು, ರಾಶಿ ಮಾಡಲು ನಮ್ಮ ಹಿರಿಯರು ಮುಯ್ಯಾಳಿನಿಂದ ಸಾಗಿಸುತ್ತಿದ್ದರು. ಯಂತ್ರ ಬಂದ ಮೇಲೆ ಆ ರೂಢಿ ಸಡಿಲಾಗಿದೆ. ಆ ಯಂತ್ರದ ಸೂರಿಗಾಗಿಯೇ ಅದನ್ನು ಮತ್ತೆ ಹಿಡಿಯೋಣ.

ಟ್ರ್ಯಾಕ್ಟರಿರುವ ಮೂರು ಮನೆಗಳು ಕೂಡಿಕೊಳ್ಳಿ. ಈ ಬೇಸಿಗೆ ಒಬ್ಬರದು, ಮುಂದಿನ ಬೇಸಿಗೆ ಇನ್ನೊಬ್ಬರದು. ಯಾರದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಭಾರತ ಹುಣ್ಣಿಮೆಯ ಎಲ್ಲಮ್ಮನ ಜಾತ್ರೆ ಮುಗಿದು, ಜೋಳ ಕಡಲೆಯ ರಾಶಿ ಮನೆಗೆ ಬಂದ ಮೇಲೆ ಕೆಲಸ ಹಿಡಿದರೆ ಮೇ ತಿಂಗಳ ಗಾಳಿಮಳೆಗೆ ಮೊದಲು ಮುಗಿಯುತ್ತದೆ. ಸೋಮವಾರ ಬಸವಣ್ಣನ ವಾರ. ಎತ್ತು ಹೂಡದ ಆ ದಿನ ಎಲ್ಲರಿಗೂ ಅನುಕೂಲ. ಮೊದಲ ಸೋಮವಾರ ಗುರುತು ಮತ್ತು ಅಗೆತ, ಎರಡನೆಯದು ಕಂಬ ಮತ್ತು ಕಾಂಕ್ರೀಟು, ಮೂರನೆಯದು ಕೊರಳು. ಅದು ನೀರು ಕುಡಿದು ಗಟ್ಟಿಯಾಗಲಿ. ಐದನೆಯದರಂದು ವೆಲ್ಡಿಂಗು, ಆರನೆಯದರಂದು ತಗಡು, ಏಳನೆಯದರಂದು ಗರಸು.

ಕೂಲಿ ಕೊಟ್ಟು ಕರೆಯಬೇಕಾದವರು ವೆಲ್ಡರ್ ಮತ್ತು ಕರೆಂಟಿನವರು ಇಬ್ಬರೇ. ಉಳಿದ ಎಲ್ಲ ಆಳನ್ನೂ ಒಂದು ವಹಿಯಲ್ಲಿ ಬರೆದಿಡಿ: ಯಾರ ಮನೆಯಿಂದ, ಎಷ್ಟು ದಿನ. "ನಮ್ಮವರ ನಡುವೆ ಲೆಕ್ಕವೇಕೆ" ಎಂದು ಬಿಟ್ಟಲ್ಲಿಯೇ ಮುಂದೆ ಮನಸ್ಸು ಮುರಿಯುತ್ತದೆ. ಹತ್ತು ಜನರಿಗೆ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಕಾಂಕ್ರೀಟಿಗೆ ನೀರು ಹೊತ್ತು ತರುವ ತಾಯಂದಿರ ದಿನವನ್ನೂ ಅದೇ ವಹಿಯಲ್ಲಿ ಒಂದು ಆಳೆಂದೇ ಬರೆಯಿರಿ.

ಜನ ಹೆಚ್ಚಾದಲ್ಲಿ ಅಪಾಯವೂ ಹೆಚ್ಚು. ತೋಡಿದ ತಗ್ಗನ್ನು ರಾತ್ರಿ ಹಲಗೆಯಿಂದ ಮುಚ್ಚಿ. ವೆಲ್ಡಿಂಗಿನ ಕಿಡಿ ಕಣಿಕೆಯ ಕಡೆಗೆ ಹಾರದಂತೆ ನೋಡಿ. ಮಕ್ಕಳು ಆ ಬೆಳಕು ನೋಡಬಾರದು. ಗಾಳಿ ಎದ್ದ ದಿನ ತಗಡು ಹಿಡಿದು ಮೇಲೆ ಹತ್ತಬೇಡಿ. ಏಣಿಯ ಬುಡದಲ್ಲಿ ಒಬ್ಬ ನಿಂತೇ ಇರಲಿ.

ಶೆಡ್ಡು ಆದ ಮೇಲೆ

ಅದರಲ್ಲಿ ಮೇವು, ಹತ್ತಿ ತುಂಬಬೇಡಿ. ರಸಗೊಬ್ಬರ ಇಟ್ಟರೆ ಅದು ಹಸಿ ಎಳೆದು ಕಬ್ಬಿಣವನ್ನು ತಿನ್ನುತ್ತದೆ. ಬಾಗಿಲ ಬಳಿ ಎರಡು ಬಕೆಟ್ ಉಸುಕು ಸದಾ ಇರಲಿ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಒಮ್ಮೆ ಸ್ಕ್ರೂಗಳನ್ನು ನೋಡಿ, ಸಡಿಲಾದವನ್ನು ಬಿಗಿಯಿರಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಮ್ಮ ಹಳೆಯ ಶೆಡ್ಡನ್ನು ಕೆಡವಿ, ಮನೆಯಿಂದ ಇಪ್ಪತ್ತಡಿ ಬಿಟ್ಟು, ಮೇಲೆ ಹೇಳಿದ ರೀತಿಯಲ್ಲಿ ಹೊಸದನ್ನು ಕಟ್ಟಿದೆವು. ಅದರ ತಗಡು ಹಿಡಿದು ಮೇಲೆ ಕೊಟ್ಟವರು ಕರು ಕಟ್ಟಿದ್ದ ಆ ನೆರೆಯವರೇ. ಮುಂದಿನ ಬೇಸಿಗೆ ಅವರ ಶೆಡ್ಡಿಗೆ ತಗ್ಗು ತೋಡಲು ನಾನು ರಜೆ ಹಾಕಿ ಹೋದೆ, ಮುಯ್ಯಿ ತೀರಿಸಬೇಕಲ್ಲ.

ಈ ಬೇಸಿಗೆ ಕಟ್ಟುವ ಮನಸ್ಸಿದ್ದರೆ ಇಂದೇ ಹಾರೆ ತೆಗೆದುಕೊಂಡು ಹಿತ್ತಲಲ್ಲಿ ಒಂದು ತಗ್ಗು ತೋಡಿ, ಗರಸು ಎಷ್ಟು ಅಡಿಗೆ ಸಿಗುತ್ತದೆ ನೋಡಿರಿ. ಮಿಕ್ಕ ಲೆಕ್ಕವೆಲ್ಲ ಅಲ್ಲಿಂದ ಮುಂದಿನದು.